ಗೆರೆ ಎಳೆಯುವ ಮೊದಲೇ ಕರೆಯಬೇಕು

ಹಿಂದಿನ ಸಂಚಿಕೆಯಲ್ಲಿ ನದಿ ದಂಡೆಗಳ ಬಗ್ಗೆ ಬರೆಯುವಾಗ, ಅಲ್ಲಿನ ಯೋಜನೆಯನ್ನು ಆ ನೆಲದ ಮೂಲನಿವಾಸಿಗಳ ಜೊತೆ ಕೂತು ಮಾಡಬೇಕು, ಅವರಿಗೆ ತೋರಿಸಿ ಮಾಡಿದರೆ ಸಾಲದು ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಖುಷಿಯಿಂದ ಬರೆದಿದ್ದಾರೆ, ಕೆಲವರು ಸಿಟ್ಟಿನಿಂದ, ಇಬ್ಬರು ಮೂವರು ನಿಜಕ್ಕೂ ದಾರಿ ಕಾಣದೆ ಬರೆದಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನಾನು ನಗರ ಯೋಜನೆ ಓದುತ್ತಿರುವ ವಿದ್ಯಾರ್ಥಿನಿ. ಕರಡು ಪ್ರಕಟಿಸಬೇಕು, ಸಭೆ ಕರೆಯಬೇಕು, ಆಕ್ಷೇಪಣೆ ತೆಗೆದುಕೊಳ್ಳಬೇಕು, ಅಲ್ಲಿಗೆ ಸಮಾಲೋಚನೆ ಮುಗಿಯಿತು ಅಂತ ನಮಗೆ ಕಲಿಸುತ್ತಾರೆ. ಪಾಲುದಾರಿಕೆ ಅಂದರೆ ಇದಕ್ಕಿಂತ ಬೇರೆ ಏನು ಮೇಡಂ?

ನೀವು ಅವರನ್ನು ಯಾವಾಗ ಕರೆದಿರಿ ಅನ್ನುವುದನ್ನು ಮೊದಲು ನೋಡಿ. ಕರಡು ಕೈಗೆ ಬಂದಿದೆ ಅಂದರೆ ರಸ್ತೆ ಬೇಕು ಅನ್ನುವುದು ತೀರ್ಮಾನ ಆಗಿದೆ, ಅದು ಎಲ್ಲಿಂದ ಎಲ್ಲಿಗೆ ಅನ್ನುವುದೂ ಆಗಿದೆ, ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದೂ ಆಗಿದೆ. ಇನ್ನು ಉಳಿದಿರುವುದು ಪಕ್ಕದಲ್ಲಿ ಯಾವ ಗಿಡ ನೆಡೋಣ ಅನ್ನುವುದು ಮಾತ್ರ. ಆಗ ಹೋಗಿ ಜನರನ್ನು ‘ನಿಮ್ಮ ಅಭಿಪ್ರಾಯ ಏನು’ ಅಂತ ಕೇಳಿದರೆ ಅವರು ಏನು ಹೇಳಬೇಕು? ರಸ್ತೆ ಬೇಕಾ ಅನ್ನುವ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿಯೇ ಇಲ್ಲವಲ್ಲ.

ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಓಕಾಹು ಅಂತ ಒಂದು ಕೊಲ್ಲಿ ಇದೆ. ಅದರ ದಡದಲ್ಲಿ ನ್ಗಾತಿ ಫಾತುವಾ ಒರಾಕೆ ಅನ್ನುವ ಮಾವೊರಿ ಜನರ, ಅಂದರೆ ಅಲ್ಲಿನ ಮೂಲನಿವಾಸಿಗಳ, ಹಳ್ಳಿ ಇತ್ತು. 1914ರ ಹೊತ್ತಿಗೆ ನಗರದ ಒಳಚರಂಡಿಯ ದೊಡ್ಡ ಕೊಳವೆಯನ್ನು ಆ ಹಳ್ಳಿಗೂ ಸಮುದ್ರಕ್ಕೂ ನಡುವೆ, ಮರಳಿನ ಮೇಲೆಯೇ ಹಾಯಿಸಿದರು. ಒಳಚರಂಡಿ ಕೆಟ್ಟದ್ದಲ್ಲ, ಬೆಳೆಯುತ್ತಿರುವ ಊರಿಗೆ ಬೇಕೇ ಬೇಕು. ಆದರೆ ಆ ಕೊಳವೆ ಗೋಡೆಯ ಹಾಗೆ ನಿಂತು ಮಳೆ ನೀರು ಸಮುದ್ರಕ್ಕೆ ಇಳಿಯದಂತೆ ಮಾಡಿತು, ಹಳ್ಳಿ ಜೌಗಾಯಿತು. ನಗರದ ಕೊಳಚೆ ಅವರು ಚಿಪ್ಪು ಹೆಕ್ಕುವ ನೀರಿಗೇ ಬಂತು. 1950ರ ದಶಕದ ಶುರುವಿನಲ್ಲಿ, ಈ ಹಳ್ಳಿ ವಾಸಕ್ಕೆ ಯೋಗ್ಯವಲ್ಲ ಅಂತ ಹೇಳಿ ಜನರನ್ನು ಎಬ್ಬಿಸಿ ಮನೆಗಳನ್ನು ಸುಟ್ಟುಹಾಕಿದರು. ಮೊದಲು ಕೊಳವೆ ಹಾಕಿ ಹಳ್ಳಿಯನ್ನು ಹಾಳು ಮಾಡಿದ್ದು ಯಾರು, ಆಮೇಲೆ ಹಾಳಾಗಿದೆ ಅಂತ ಬರೆದುಕೊಂಡದ್ದು ಯಾರು ಅಂತ ಯೋಚಿಸಿ ನೋಡಿ. ಕೊಳವೆಯ ಗೆರೆ ಎಳೆಯುವ ದಿನ ಆ ಹಳ್ಳಿಯ ಒಬ್ಬರು ಮೇಜಿನ ಪಕ್ಕ ಇದ್ದಿದ್ದರೆ, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ಹೇಳಲು ಅವರಿಗೆ ಐದು ನಿಮಿಷ ಸಾಕಿತ್ತು.

ಇನ್ನೊಂದು ಬಗೆಯದ್ದೂ ಇದೆ. ಕೆನಡಾದಲ್ಲಿ 1970ರ ದಶಕದಲ್ಲಿ ಮೆಕೆಂಝಿ ಕಣಿವೆಯ ಉದ್ದಕ್ಕೂ ಗ್ಯಾಸ್ ಪೈಪ್‌ಲೈನ್ ಹಾಕುವ ಪ್ರಸ್ತಾಪ ಬಂತು. ವಿಚಾರಣೆಗೆ ನೇಮಕವಾದ ನ್ಯಾಯಾಧೀಶ ಥಾಮಸ್ ಬರ್ಜರ್ ಜನ ತಮ್ಮ ಕಚೇರಿಗೆ ಬರಲಿ ಅಂತ ಕಾಯಲಿಲ್ಲ. 35 ಊರುಗಳಿಗೆ ತಾವೇ ಹೋದರು, ಸುಮಾರು ಒಂದು ಸಾವಿರ ಜನರ ಮಾತು ಕೇಳಿದರು. ಅಲ್ಲಿನ ಮೂಲನಿವಾಸಿಗಳಾದ ಡೆನೆ ಮತ್ತು ಇನುಯಿಟ್ ಜನರ ಸಂಘಟನೆಗಳಿಗೆ ತಮ್ಮದೇ ತಜ್ಞರನ್ನು ಇಟ್ಟುಕೊಳ್ಳಲು ಹಣ ಕೊಡಿಸಿದರು. ನಡೆಯುತ್ತಿದ್ದುದನ್ನು ರೇಡಿಯೋದಲ್ಲಿ ಅವರವರ ಭಾಷೆಯಲ್ಲೇ ಬಿತ್ತರಿಸಿದರು. 1977ರ ವರದಿಯಲ್ಲಿ, ಮೊದಲು ಈ ಜನರ ನೆಲದ ಹಕ್ಕು ಇತ್ಯರ್ಥ ಆಗಲಿ, ಪೈಪ್‌ಲೈನನ್ನು 10 ವರ್ಷ ಮುಂದೂಡಿ ಅಂತ ಬರೆದರು. ಕೇಳಿಸಿಕೊಂಡದ್ದು ತೀರ್ಮಾನವನ್ನೇ ಬದಲಿಸಿತು, ನೋಡಿ. ಏನು ಕೇಳಿದರೂ ತೀರ್ಮಾನ ಬದಲಾಗುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ ಆ ಸಭೆಯನ್ನು ಸಮಾಲೋಚನೆ ಅಂತ ಕರೆಯಲೂ ನನಗೆ ಮನಸ್ಸು ಬರುವುದಿಲ್ಲ, ಪಾಲುದಾರಿಕೆಯ ಮಾತು ದೂರ ಉಳಿಯಿತು.

ಪ್ರಶ್ನೆ: ನಾನು ಯೋಜನಾ ಇಲಾಖೆಯಲ್ಲಿ ಕೆಲಸ ಮಾಡುವವನು. ಅವರಿಗೆ ‘ಬೇಡ’ ಅನ್ನುವ ಹಕ್ಕು ಕೊಟ್ಟರೆ ಒಂದು ರಸ್ತೆಯೂ ಆಗುವುದಿಲ್ಲ, ಒಂದು ಪೈಪೂ ಹೋಗುವುದಿಲ್ಲ. ಇದೆಲ್ಲ ನಡೆಯುವ ಮಾತೇ?

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2007ರಲ್ಲಿ ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ ಮತ ಹಾಕುವಾಗ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ ಈ ನಾಲ್ಕೂ ದೇಶಗಳಿಗೆ ಇಂಥದ್ದೇ ಭಯ ಇತ್ತು. 144 ದೇಶಗಳು ಪರವಾಗಿ ಮತ ಹಾಕಿದವು, ಈ ನಾಲ್ಕು ವಿರುದ್ಧ ಹಾಕಿದವು. ಆಮೇಲೆ ನಾಲ್ಕೂ ನಿಲುವು ಬದಲಿಸಿದವು. ಆ ಘೋಷಣೆಯಲ್ಲಿ ಒಪ್ಪಿಗೆ ಹೇಗಿರಬೇಕು ಅಂತ ಹೇಳಿದೆ. ಒತ್ತಾಯ ಇಲ್ಲದ ಒಪ್ಪಿಗೆ, ಕೆಲಸ ಶುರುವಾಗುವ ಮೊದಲೇ ಪಡೆದ ಒಪ್ಪಿಗೆ, ಎಲ್ಲ ವಿಷಯ ತಿಳಿಸಿ ಪಡೆದ ಒಪ್ಪಿಗೆ. ನಮ್ಮ ಮನೆಯ ಜಾಗದ ವಿಷಯಕ್ಕೆ ಯಾರಾದರೂ ಬಂದರೆ ನಾವು ಕೇಳುವುದೂ ಇಷ್ಟೇ ಅಲ್ವಾ?

ಹೌದು, ‘ಬೇಡ’ ಅಂತಲೂ ಉತ್ತರ ಬರಬಹುದು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯುವ ವಿಷಯವನ್ನು ಗ್ರಾಮಸಭೆಗಳೇ ತೀರ್ಮಾನಿಸಲಿ ಅಂತ 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 12 ಗ್ರಾಮಸಭೆ ನಡೆದವು, 12 ಕಡೆಯೂ ಬೇಡ ಅಂದರು. ಡೊಂಗ್ರಿಯಾ ಕೊಂಧ ಜನರಿಗೆ ಆ ಬೆಟ್ಟ ದೇವರು. ‘ಬೇಡ’ ಅನ್ನಲು ದಾರಿಯೇ ಇಲ್ಲದಿದ್ದರೆ ‘ಬೇಕು’ ಅನ್ನುವ ಮಾತಿಗೂ ಬೆಲೆ ಇರುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಒಪ್ಪಿಕೊಳ್ಳಲೇಬೇಕು.

ಈಗ ನಿಮ್ಮ ‘ಆಗುವುದಿಲ್ಲ’ ಅನ್ನುವ ಮಾತಿಗೆ ಬರೋಣ. ಕೇಳಿದ್ದರಿಂದ ಕೆಲಸ ನಿಂತದ್ದಕ್ಕಿಂತ ಕೇಳದೆ ಇದ್ದುದರಿಂದ ನಿಂತದ್ದೇ ಜಾಸ್ತಿ ಅಂತ ನನಗೆ ಅನಿಸುತ್ತದೆ. ಕೆನಡಾದ ವಿನಿಪೆಗ್ ನಗರದ ನಡುವೆ ಕ್ಯಾಪ್ಯಾಂಗ್ ಅನ್ನುವ ಸೈನಿಕ ಠಾಣೆ ಇತ್ತು, ಸುಮಾರು 160 ಎಕರೆ. 2004ರಲ್ಲಿ ಸೈನ್ಯ ಖಾಲಿ ಮಾಡಿತು. ಅಲ್ಲಿನ ಒಪ್ಪಂದದ ಪ್ರಕಾರ ತಮಗೆ ಇನ್ನೂ ನೆಲ ಬರಬೇಕು ಅನ್ನುತ್ತಿದ್ದ ಮೂಲನಿವಾಸಿ ಸಮುದಾಯಗಳನ್ನು ಸರಿಯಾಗಿ ಕೇಳದೆ ಕೇಂದ್ರ ಸರ್ಕಾರ ಅದನ್ನು ತನ್ನದೇ ಇನ್ನೊಂದು ಕಂಪನಿಗೆ ಕೊಡಲು ಹೊರಟಿತು. ಕೋರ್ಟು, ಮೇಲ್ಮನವಿ, ಮತ್ತೆ ಕೋರ್ಟು. ನಗರದ ಮಧ್ಯದ ಅಂಥ ಜಾಗ 15 ವರ್ಷ ಬೇಲಿ ಹಾಕಿಕೊಂಡು ಸುಮ್ನೆ ಬಿದ್ದಿತ್ತು. 2019ರಲ್ಲಿ ಒಪ್ಪಂದ ಆಯಿತು, ಈಗ ಆ ಜಾಗಕ್ಕೆ ನಾವಿ ಊಡೆನಾ ಅಂತ ಹೆಸರು, ಅದರ ಹೆಚ್ಚಿನ ಪಾಲಿನ ಯೋಜನೆ ಮಾಡುತ್ತಿರುವವರು ಅದೇ ಸಮುದಾಯಗಳು. ಮೊದಲ ವರ್ಷವೇ ಕರೆದು ಕೂರಿಸಿದ್ದರೆ?

ನಾರ್ವೆಯ ಫೋಸೆನ್‌ನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗಗಳು ಚಳಿಗಾಲದಲ್ಲಿ ಮೇಯುವ ಜಾಗಕ್ಕೆ 151 ಗಾಳಿಯಂತ್ರ ನಿಲ್ಲಿಸಿದರು. ಪರಿಸರಕ್ಕೆ ಒಳ್ಳೆಯದಾದ ಕೆಲಸವೇ. ಎಲ್ಲ ನಿಲ್ಲಿಸಿ ಮುಗಿದ ಮೇಲೆ, 2021ರ ಅಕ್ಟೋಬರ್‌ನಲ್ಲಿ, ಅಲ್ಲಿನ ಸುಪ್ರೀಂ ಕೋರ್ಟ್ ಆ ಪರವಾನಗಿಗಳು ಊರ್ಜಿತವಲ್ಲ, ಸಾಮಿಗಳ ಸಂಸ್ಕೃತಿಯ ಹಕ್ಕನ್ನು ಮುರಿದಿವೆ ಅಂತ ಒಮ್ಮತದಿಂದ ತೀರ್ಪು ಕೊಟ್ಟಿತು. ಯಂತ್ರ ತಿರುಗುತ್ತಲೇ ಇತ್ತು. 500 ದಿನ ಕಳೆದರೂ ಏನೂ ಆಗದೆ ಇದ್ದಾಗ ಸಾಮಿ ಯುವಕರು ಸಚಿವಾಲಯದ ಬಾಗಿಲಲ್ಲಿ ಕೂತರು. ರಾಜಿ ಒಪ್ಪಂದ ಮುಗಿಯುವ ಹೊತ್ತಿಗೆ 2024 ಬಂದಿತ್ತು. ಕೆನಡಾದ ಸುಪ್ರೀಂ ಕೋರ್ಟ್ ಅಂತೂ 2014ರ ತ್ಸಿಲ್ಕೋಟಿನ್ ತೀರ್ಪಿನಲ್ಲಿ, ಒಪ್ಪಿಗೆ ಇಲ್ಲದೆ ಶುರು ಮಾಡಿದ ಯೋಜನೆಯನ್ನು ಆಮೇಲೆ ನೆಲದ ಹಕ್ಕು ಸಾಬೀತಾದರೆ ರದ್ದು ಮಾಡಬೇಕಾಗಿ ಬರಬಹುದು ಅಂತ ಬಿಡಿಸಿ ಹೇಳಿಬಿಟ್ಟಿದೆ. ನಿಮ್ಮ ಫೈಲಿನ ದೃಷ್ಟಿಯಿಂದಷ್ಟೇ ನೋಡಿದರೂ ಮೊದಲೇ ಕೇಳುವುದು ಸುರಕ್ಷಿತ.

ಇನ್ನು ‘ಸರಿ’ ಅನ್ನುವ ಉತ್ತರವೂ ಬರುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕರಾವಳಿಯಲ್ಲಿ ಗ್ರೇಟ್ ಬೇರ್ ಮಳೆಕಾಡು ಇದೆ, ಸುಮಾರು 64 ಲಕ್ಷ ಹೆಕ್ಟೇರ್. ಮರ ಕಡಿಯುವ ಬಗ್ಗೆ ವರ್ಷಗಟ್ಟಲೆ ಜಗಳ ನಡೆದ ಜಾಗ. 2016ರಲ್ಲಿ 26 ಮೂಲನಿವಾಸಿ ಸಮುದಾಯಗಳು, ಪ್ರಾಂತ್ಯ ಸರ್ಕಾರ, ಮರದ ಕಂಪನಿಗಳು, ಪರಿಸರ ಸಂಘಟನೆಗಳು ಒಂದು ಒಪ್ಪಂದಕ್ಕೆ ಬಂದರು. ಕಾಡಿನ 85 ಶೇಕಡಾ ಭಾಗದಲ್ಲಿ ಕಂಪನಿಗಳು ಮರ ಕಡಿಯುವಂತಿಲ್ಲ, ಉಳಿದ 15 ಶೇಕಡಾದಲ್ಲಿ ಕಟ್ಟುನಿಟ್ಟಿನ ನಿಯಮದ ಒಳಗೆ ಕಡಿಯಬಹುದು. ಎಲ್ಲರಿಗೂ ಪೂರ್ತಿ ಸಮಾಧಾನ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಅಷ್ಟು ದೊಡ್ಡ ಪ್ರದೇಶಕ್ಕೆ ಒಂದು ಯೋಜನೆ ಆಯಿತು.

ಪ್ರಶ್ನೆ: ಮೂಲನಿವಾಸಿಗಳು ಇರುವುದು ಕಾಡಿನಲ್ಲಿ. ನಗರ ಯೋಜನೆಗೂ ಅವರಿಗೂ ಏನು ಸಂಬಂಧ?

ಈ ಪ್ರಶ್ನೆ ಕೇಳಿದವರು ಒಬ್ಬರಲ್ಲ, ನಾಲ್ಕು ಜನ. ಕೆನಡಾದಲ್ಲಿ 2016ರ ಜನಗಣತಿಯ ಹೊತ್ತಿಗೇ ಮೂಲನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಗರಗಳಲ್ಲಿದ್ದರು. ಇನ್ನೊಂದು ಮಾತು, ಅವರು ನಗರಕ್ಕೆ ಬಂದದ್ದಕ್ಕಿಂತ ಮೊದಲು ಎಷ್ಟೋ ಕಡೆ ನಗರವೇ ಅವರ ಊರಿನ ಮೇಲೆ ಬಂದು ಕೂತಿದೆ. ನದಿ ಸೇರುವ ಜಾಗ, ಒಳ್ಳೆಯ ಬಂದರು, ಸಿಹಿನೀರು ಎಲ್ಲಿ ಇತ್ತೋ ಅಲ್ಲಿ ಅವರು ಮೊದಲೇ ಇದ್ದರು. ಆಮೇಲೆ ಬಂದವರೂ ಅದೇ ಜಾಗ ನೋಡಿ ಊರು ಕಟ್ಟಿದರು.

ಕೆನಡಾದ ವ್ಯಾಂಕೂವರ್ ನಗರದ ಮಧ್ಯಭಾಗಕ್ಕೆ ಅಂಟಿಕೊಂಡೇ ಸೆನಾಕ್ ಅನ್ನುವ ಸ್ಕ್ವಾಮಿಷ್ ಜನರ ಹಳ್ಳಿ ಇತ್ತು. 1913ರಲ್ಲಿ ಅವರನ್ನು ದೋಣಿಗೆ ಹತ್ತಿಸಿ ಕಳಿಸಿ ಮನೆಗಳಿಗೆ ಬೆಂಕಿ ಇಟ್ಟರು. ದಶಕಗಳ ಕೋರ್ಟು ಹೋರಾಟದ ನಂತರ ಸುಮಾರು ಹತ್ತೂವರೆ ಎಕರೆ ವಾಪಸ್ ಸಿಕ್ಕಿತು. ಈಗ ಆ ಹತ್ತೂವರೆ ಎಕರೆಯಲ್ಲಿ ಸ್ಕ್ವಾಮಿಷ್ ಜನರೇ ಮುಂದೆ ನಿಂತು ಸುಮಾರು 6,000 ಬಾಡಿಗೆ ಮನೆಗಳನ್ನು ಕಟ್ಟಿಸುತ್ತಿದ್ದಾರೆ. 2019ರಲ್ಲಿ ಸಮುದಾಯದವರೇ ಮತ ಹಾಕಿ ಇದನ್ನು ಒಪ್ಪಿದರು. ಅದು ಅವರ ಮೀಸಲು ನೆಲ, ಹಾಗಾಗಿ ಎಲ್ಲಿ ಏನು ಕಟ್ಟಬಹುದು ಅನ್ನುವ ನಗರದ ಜೋನಿಂಗ್ ನಿಯಮ ಅಲ್ಲಿ ನಡೆಯುವುದಿಲ್ಲ. ನೀರು, ಒಳಚರಂಡಿ, ರಸ್ತೆಗೆ ನಗರದ ಜೊತೆ 2022ರಲ್ಲಿ ಒಪ್ಪಂದ ಮಾಡಿಕೊಂಡರು. ಅಕ್ಕಪಕ್ಕದವರು ಇಷ್ಟು ಎತ್ತರದ ಕಟ್ಟಡ ಬೇಡ ಅಂತ ತಕರಾರು ತೆಗೆದರು. ಮೂಲನಿವಾಸಿಗಳು ಅಂದರೆ ಹಳೆಯ ಕಾಲದ ಗುಡಿಸಲನ್ನೇ ಕಟ್ಟಬೇಕು ಅಂತ ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟಿದೆ. ತಮ್ಮ ನೆಲದಲ್ಲಿ ಏನು ಕಟ್ಟಬೇಕು ಅಂತ ಅವರು ಹೇಳುತ್ತಾರೆ, ಅದು ಗೋಪುರವೂ ಆಗಬಹುದು.

ಪ್ರಶ್ನೆ: ಎಲ್ಲರೂ ಸಮಾನ ನಾಗರಿಕರು. ಒಂದು ಗುಂಪಿಗೆ ಮಾತ್ರ ಬೇರೆ ಕುರ್ಚಿ ಯಾಕೆ? ರೈತರಿದ್ದಾರೆ, ವ್ಯಾಪಾರಿಗಳಿದ್ದಾರೆ, ಬಾಡಿಗೆದಾರರಿದ್ದಾರೆ.

ಅವರೆಲ್ಲರಿಗೂ ಕುರ್ಚಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂಲನಿವಾಸಿಗಳು ಇನ್ನೊಂದು ‘ಆಸಕ್ತ ಗುಂಪು’ ಅಲ್ಲ. ಸರ್ಕಾರ ಬರುವ ಮೊದಲೇ ಅವರ ಆಡಳಿತ ಇತ್ತು, ನೆಲ ಯಾರು ಹೇಗೆ ಬಳಸಬೇಕು ಅನ್ನುವ ಕಟ್ಟಳೆ ಇತ್ತು. ಅನೇಕ ಕಡೆ ಸರ್ಕಾರವೇ ಅವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದೆ. ನ್ಯೂಜಿಲೆಂಡ್‌ನ ವೈತಾಂಗಿ ಒಪ್ಪಂದ 1840ರದ್ದು. ಆಸ್ಟ್ರೇಲಿಯಾದಲ್ಲಿ ಒಪ್ಪಂದವೂ ಇರಲಿಲ್ಲ, ಈ ನೆಲ ಯಾರದ್ದೂ ಅಲ್ಲ ಅಂತ ಎರಡು ಶತಮಾನ ಹೇಳಿಕೊಂಡು ಬಂದರು. 1992ರ ಮಾಬೊ ತೀರ್ಪಿನಲ್ಲಿ ಅಲ್ಲಿನ ಹೈಕೋರ್ಟ್ ಅದು ಸುಳ್ಳು ಅಂತ ಹೇಳಿತು. ಆ ಸುಳ್ಳಿನ ಮೇಲೆ ಬರೆದ ನಕ್ಷೆಗಳೇ ಇವತ್ತಿಗೂ ಅಲ್ಲಿನ ನಕ್ಷೆಗಳ ಅಡಿಪಾಯ. ಮನೆ ಬಾಡಿಗೆಗೆ ಇರುವವರ ಮಾತೂ ಮುಖ್ಯ, ಆದರೆ ಮನೆ ಯಾರದು ಅನ್ನುವ ಪ್ರಶ್ನೆಯೇ ಬಗೆಹರಿಯದೆ ಇರುವಾಗ ಹಕ್ಕುದಾರರನ್ನು ಬಾಡಿಗೆದಾರರ ಸಾಲಿನಲ್ಲಿ ನಿಲ್ಲಿಸಿ ಚೀಟಿ ಕೊಟ್ಟರೆ ಅದು ಸಮಾನತೆ ಆಗುವುದಿಲ್ಲ.

ಪ್ರಶ್ನೆ: ನಾನು ಕನ್ಸಲ್ಟೆಂಟ್. ನಿಜವಾಗಿ ಮಾತಾಡಬೇಕು ಅಂತಲೇ ಹೋದೆ. ಚುನಾಯಿತ ಮುಖಂಡರು ಒಂದು ಹೇಳುತ್ತಾರೆ, ಹಿರಿಯರು ಇನ್ನೊಂದು. ಯಾರ ಮಾತು ಹಿಡಿಯಲಿ?

ಬೇಗ ಸಹಿ ಹಾಕುವವರನ್ನು ಹಿಡಿದುಕೊಂಡು ಹೊರಡಬೇಡಿ. ಆ ಆಸೆ ಎಲ್ಲರಿಗೂ ಆಗುತ್ತದೆ, ಗಡುವು ತಲೆ ಮೇಲೆ ಇರುವಾಗ ಇನ್ನೂ ಜಾಸ್ತಿ.

ಬ್ರಿಟಿಷ್ ಕೊಲಂಬಿಯಾದ ಗ್ಯಾಸ್ ಪೈಪ್‌ಲೈನ್ ಒಂದರಲ್ಲಿ ಆದದ್ದು ಇದೇ. ದಾರಿಯಲ್ಲಿದ್ದ 20 ಚುನಾಯಿತ ಮಂಡಳಿಗಳು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದವು. ವೆಟ್‌ಸುವೆಟೆನ್ ಜನರ ವಂಶಪಾರಂಪರ್ಯದ ಮುಖಂಡರು ಮಾತ್ರ ಒಪ್ಪಲಿಲ್ಲ. 2020ರ ಶುರುವಿನಲ್ಲಿ ಅವರ ಬೆಂಬಲಕ್ಕೆ ದೇಶದ ಬೇರೆ ಬೇರೆ ಕಡೆ ರೈಲು ಹಳಿಗಳ ಮೇಲೆ ಜನ ಕೂತರು. ಚುನಾಯಿತ ಮಂಡಳಿ ಅನ್ನುವುದು ಮೂಲನಿವಾಸಿಗಳ ಬಗ್ಗೆ ಕೆನಡಾ ಮಾಡಿದ 1876ರ ‘ಇಂಡಿಯನ್ ಕಾಯ್ದೆ’ಯಿಂದ ಬೆಳೆದು ಬಂದದ್ದು, ಅದರ ಅಧಿಕಾರ ಮುಖ್ಯವಾಗಿ ಮೀಸಲು ನೆಲದ ಒಳಗೆ. ಆ ಗಡಿಯ ಆಚೆಗಿನ ವಿಶಾಲ ನೆಲಕ್ಕೆ ಹೊಣೆ ನಮ್ಮದು ಅಂತ ವಂಶದ ಮುಖಂಡರು ಹೇಳುತ್ತಾರೆ. 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ಗೆ ಹೋಗಿ, ಬಾಯಿಂದ ಬಾಯಿಗೆ ಬಂದ ಇತಿಹಾಸವೂ ಸಾಕ್ಷಿಯೇ ಅನ್ನುವ ತೀರ್ಪು ತಂದವರಲ್ಲಿ ಅವರೂ ಇದ್ದರು. ಅಂದರೆ ಇಲ್ಲಿ ಇಬ್ಬರು ಜಗಳ ಆಡುತ್ತಿದ್ದರು ಅನ್ನುವುದಕ್ಕಿಂತ, ಎರಡು ಬೇರೆ ಬೇರೆ ಹೊಣೆಗಳು ಇದ್ದವು. ಅದನ್ನು ಮೊದಲೇ ತಿಳಿದುಕೊಳ್ಳಲಿಲ್ಲ.

ನೀವು ಹೋದ ಕಡೆ ಯಾರಿಗೆ ಯಾವ ಹೊಣೆ ಅಂತ ಅವರನ್ನೇ ಕೇಳಿ. ‘ಈ ವಿಷಯ ತೀರ್ಮಾನ ಮಾಡಲು ನಿಮ್ಮಲ್ಲಿ ರೀತಿ ಹೇಗೆ?’ ಅನ್ನುವುದು ನಿಮ್ಮ ಮೊದಲ ಪ್ರಶ್ನೆ ಆಗಲಿ. ಅವರೊಳಗೆ ಮಾತುಕತೆ ಆಗಲು ಸಮಯ ಕೊಡಿ, ಆ ಸಭೆಗೆ ನೀವು ಹೋಗಬೇಡಿ. ಹೆಂಗಸರ ಮಾತು ಎಲ್ಲಿ ಕೇಳಿಸುತ್ತದೆ ಅಂತ ನೋಡಿ, ಮೈಕ್ ಇರುವ ಸಭೆಯಲ್ಲಿ ಬಹಳ ಸಲ ಕೇಳಿಸುವುದಿಲ್ಲ. ಊರಲ್ಲಿ ಸಾವಾಗಿದ್ದರೆ ಸಭೆ ಮುಂದೆ ಹಾಕಿ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಅದನ್ನು ‘ಸಾರಿ ಬಿಸಿನೆಸ್’ ಅನ್ನುತ್ತಾರೆ, ಆ ದಿನಗಳಲ್ಲಿ ಬೇರೆ ಕೆಲಸ ನಡೆಯುವುದಿಲ್ಲ. ಸರ್ಕಾರಿ ರಜೆಗೆ ಸಭೆ ಮುಂದೆ ಹೋಗುತ್ತದೆ ಅಂದಮೇಲೆ ಇದಕ್ಕೂ ಹೋಗಬಹುದು.

ಪ್ರಶ್ನೆ: ನಾವು ಡಿಜಿಟಲ್ ನಕ್ಷೆ ತಯಾರಿಸುತ್ತೇವೆ. ಅವರ ಪವಿತ್ರ ಸ್ಥಳಗಳನ್ನು ಗುರುತಿಸಿದರೆ ಅವಕ್ಕೇ ರಕ್ಷಣೆ. ಆದರೆ ಹಿರಿಯರು ಎಲ್ಲಿದೆ ಅಂತ ಹೇಳಲು ಒಪ್ಪುತ್ತಿಲ್ಲ. ಹೇಗೆ ಒಪ್ಪಿಸುವುದು?

ಒಪ್ಪಿಸಬೇಡಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ನಕ್ಷೆಗೆ ಬಣ್ಣ ಹಚ್ಚುವಾಗ ಒಂದು ದೊಡ್ಡ ತುಂಡಿನ ಮೇಲೆ ‘ಖಾಲಿ ಜಾಗ’ ಅಂತ ಬರೆದಿದ್ದೆ. ಕಟ್ಟಡ ಇಲ್ಲ, ಹೊಲ ಇಲ್ಲ, ದಾಖಲೆಯಲ್ಲಿ ಯಾರ ಹೆಸರೂ ಇಲ್ಲ. ಸಭೆಯಲ್ಲಿ ಒಬ್ಬ ಅಜ್ಜಿ ಎದ್ದು ಬಂದು ಆ ಬಣ್ಣದ ಮೇಲೆ ಬೆರಳಿಟ್ಟು, ಇಲ್ಲಿ ನಮ್ಮವರು ಮಲಗಿದ್ದಾರೆ ಅಂದರು. ಅಷ್ಟೇ ಹೇಳಿದ್ದು, ಎಲ್ಲಿ ಅಂತ ತೋರಿಸಲಿಲ್ಲ. ನನಗೂ ಆಗ ನಿಮ್ಮ ಹಾಗೆಯೇ ಅನಿಸಿತ್ತು, ಸರಿಯಾಗಿ ತೋರಿಸಿದ್ದರೆ ಉಳಿಸಬಹುದಿತ್ತಲ್ಲ ಅಂತ. ಈಗ ಹಾಗೆ ಅನಿಸುವುದಿಲ್ಲ. ಆ ಪದ ಬರೆಯುವ ಮೊದಲು ಕೇಳಬೇಕಾದವಳು ನಾನು. ತೋರಿಸಬೇಕಾದ ಹೊಣೆ ಅವರದ್ದಾಗಿರಲಿಲ್ಲ.

ನಕ್ಷೆಯಲ್ಲಿ ಬಂದರೆ ರಕ್ಷಣೆ ಅನ್ನುವುದೂ ಯಾವಾಗಲೂ ನಿಜ ಅಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಜುಕಾನ್ ಕಣಿವೆಯ ಗುಹೆಗಳಲ್ಲಿ 46,000 ವರ್ಷಗಳ ಮನುಷ್ಯರ ಗುರುತು ಇತ್ತು. 2013ರಲ್ಲಿ ರಿಯೊ ಟಿಂಟೊ ಗಣಿ ಕಂಪನಿಗೆ ಅವನ್ನು ಒಡೆಯಲು 1972ರ ಪರಂಪರೆ ಕಾಯ್ದೆಯಡಿ ಅನುಮತಿ ಸಿಕ್ಕಿತು. ಮರುವರ್ಷ ಅಲ್ಲಿ ಅಗೆದಾಗ ಸಿಕ್ಕಿದ ಕೂದಲಿನ ಹೆಣಿಗೆ ಸುಮಾರು 4,000 ವರ್ಷ ಹಳೆಯದು, ಅದರ ಡಿಎನ್‌ಎ ಆ ನೆಲದ ಈಗಿನ ಮೂಲನಿವಾಸಿ ಸಮುದಾಯದ ಜನರಿಗೆ ಹೊಂದುತ್ತಿತ್ತು. ಎಲ್ಲರಿಗೂ ಗೊತ್ತಿತ್ತು, ವರದಿಯಲ್ಲೂ ಇತ್ತು. ಆದರೆ ಹೊಸ ವಿಷಯ ತಿಳಿದರೂ ಕೊಟ್ಟ ಅನುಮತಿಯನ್ನು ಮತ್ತೆ ಪರಿಶೀಲಿಸಿ ಅಂತ ಕೇಳಲು ಆ ಸಮುದಾಯಕ್ಕೆ ಕಾಯ್ದೆಯಲ್ಲಿ ದಾರಿ ಇರಲಿಲ್ಲ. 2020ರ ಮೇ ತಿಂಗಳಲ್ಲಿ ಸ್ಫೋಟಿಸಿದರು. ಕಂಪನಿಯ ಮುಖ್ಯಸ್ಥರು ಕೆಲಸ ಬಿಟ್ಟರು, ಗುಹೆ ವಾಪಸ್ ಬರಲಿಲ್ಲ. ಅಲ್ಲಿ ಕೊರತೆ ಇದ್ದದ್ದು ಮಾಹಿತಿಗೆ ಅಲ್ಲ, ತಡೆಯುವ ಅಧಿಕಾರಕ್ಕೆ.

ಹಾಗಂತ ನಕ್ಷೆಯೇ ಬೇಡ ಅಂತಲೂ ಅಲ್ಲ. ಕೆನಡಾದ ಇನುಯಿಟ್ ಬೇಟೆಗಾರರು 1970ರ ದಶಕದಲ್ಲಿ ತಾವು ಜೀವಮಾನವಿಡೀ ಓಡಾಡಿದ ದಾರಿ, ಬೇಟೆಯ ಜಾಗ, ಮೀನಿನ ಜಾಗಗಳನ್ನು ತಾವೇ ನಕ್ಷೆಯ ಮೇಲೆ ಬರೆದರು. 1976ರಲ್ಲಿ ಅದು ಮೂರು ಸಂಪುಟಗಳಾಗಿ ಬಂತು. ಈ ನೆಲ ಖಾಲಿ ಅಲ್ಲ ಅಂತ ತೋರಿಸಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ. 1999ರಲ್ಲಿ ನುನಾವುಟ್ ಅನ್ನುವ ಪ್ರತ್ಯೇಕ ಪ್ರದೇಶ (ಟೆರಿಟರಿ) ಆಗುವವರೆಗಿನ ಹಾದಿಯಲ್ಲಿ ಆ ನಕ್ಷೆಗಳ ಪಾಲು ದೊಡ್ಡದು. ಗಮನಿಸಿ, ಅವು ಅವರ ನಕ್ಷೆಗಳು, ಅವರ ಉದ್ದೇಶಕ್ಕೆ.

ಕೆನಡಾದ ಮೂಲನಿವಾಸಿ ಸಮುದಾಯಗಳು 1998ರಿಂದ ಒಂದು ಸೂತ್ರ ಹಿಡಿದಿವೆ. ತಮ್ಮ ಬಗೆಗಿನ ಮಾಹಿತಿಯ ಒಡೆತನ ತಮ್ಮದು, ಅದರ ನಿಯಂತ್ರಣ ತಮ್ಮದು, ಯಾರು ನೋಡಬಹುದು ಅನ್ನುವುದು ತಮಗೆ ಬಿಟ್ಟದ್ದು, ಮತ್ತು ಅದು ತಮ್ಮ ಕೈಯಲ್ಲೇ ಇರಬೇಕು. ನಿಮ್ಮ ಕೆಲಸಕ್ಕೆ ಇದನ್ನು ಹೀಗೆ ಬಳಸಬಹುದು. ನಿಖರ ಜಾಗ ಕೇಳಬೇಡಿ, ‘ಈ ಇಷ್ಟಗಲದಲ್ಲಿ ಏನೇ ಮಾಡುವ ಮೊದಲು ನಮ್ಮನ್ನು ಕೇಳಿ’ ಅಂತ ಒಂದು ದೊಡ್ಡ ಸುತ್ತು ಅವರೇ ಹಾಕಿಕೊಡಲಿ. ಮೂಲ ಮಾಹಿತಿ ಅವರ ಕಂಪ್ಯೂಟರಿನಲ್ಲೇ ಇರಲಿ. ನಿಮ್ಮ ಗುತ್ತಿಗೆ ಪತ್ರದಲ್ಲಿ, ಕೆಲಸ ಮುಗಿದ ಮೇಲೆ ಪ್ರತಿ ಇಟ್ಟುಕೊಳ್ಳುವುದಿಲ್ಲ ಅಂತ ಬರೆಯಿರಿ.

ಪ್ರಶ್ನೆ: ಸಭೆ ಶುರುವಾಗುವ ಮೊದಲು ‘ಇದು ಇಂಥ ಮೂಲನಿವಾಸಿಗಳ ನೆಲ’ ಅಂತ ಓದುತ್ತಾರಲ್ಲ, ಅದರಿಂದ ಏನಾದರೂ ಪ್ರಯೋಜನ ಇದೆಯೇ?

ಅದನ್ನು ಓದಿದವರ ಮುಂದೆ ಮರುದಿನ ಯಾವ ಫೈಲು ಬರುತ್ತದೆ, ಅದಕ್ಕೆ ಏನು ಷರಾ ಬರೆಯುತ್ತಾರೆ ಅನ್ನುವುದರ ಮೇಲಿದೆ. ವ್ಯಾಂಕೂವರ್ ನಗರಸಭೆ 2014ರಲ್ಲಿ, ಈ ನಗರ ಮೂರು ಸಮುದಾಯಗಳು ಎಂದೂ ಬಿಟ್ಟುಕೊಡದ ನೆಲದ ಮೇಲಿದೆ ಅಂತ ಅಧಿಕೃತವಾಗಿ ಹೇಳಿತು. ಹಾಗೆ ಹೇಳಿದ ಮೇಲೆ ನಗರದವರೇ ಅದನ್ನು ನೆನಪಿಸಿ ಪ್ರಶ್ನೆ ಕೇಳಬಹುದು. ಅಷ್ಟರಮಟ್ಟಿಗೆ ಒಳ್ಳೆಯದು.

ಪ್ರಶ್ನೆ: ನಾನು ಮೂಲನಿವಾಸಿ ಸಮುದಾಯದ ಹುಡುಗ. ನಮ್ಮ ಪ್ರದೇಶದ ಯೋಜನಾ ಸಮಿತಿಗೆ ನನ್ನನ್ನು ಸದಸ್ಯನಾಗಿ ಕರೆದಿದ್ದಾರೆ. 14 ಜನರಲ್ಲಿ ನಾನೊಬ್ಬನೇ. ಹಿಂದೆ ಹೋದ ನಮ್ಮ ಹಿರಿಯರು ಬೇಸತ್ತು ಬಂದಿದ್ದಾರೆ. ಹೋಗಲೋ ಬೇಡವೋ?

ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಹೋಗಿ ಅಂತಲೂ ಬಿಡಿ ಅಂತಲೂ ಇಲ್ಲಿ ಕೂತು ಹೇಳುವ ಹಕ್ಕು ನನಗಿಲ್ಲ. ಆದರೆ ಉತ್ತರ ಕೊಡುವ ಮೊದಲು ಏನು ಕೇಳಬಹುದು ಅಂತ ಹೇಳಬಲ್ಲೆ.

14ರಲ್ಲಿ ಒಬ್ಬರು ಅಂದರೆ, ನೀವು ಬಂದಿದ್ದಿರಿ ಅಂತ ನಡಾವಳಿಯಲ್ಲಿ ಬರೆಯುತ್ತಾರೆ, ನಿಮ್ಮ ಮಾತು ಸೋಲುತ್ತದೆ, ಆಮೇಲೆ ‘ಅವರೂ ಇದ್ದರಲ್ಲ’ ಅಂತ ಹೇಳುತ್ತಾರೆ. ನಿಮ್ಮ ಹಿರಿಯರು ಬೇಸತ್ತದ್ದು ಬಹುಶಃ ಇದಕ್ಕೇ. ಹಾಗಾಗಿ ಕುರ್ಚಿಯ ಲೆಕ್ಕ ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ. ನ್ಯೂಜಿಲೆಂಡ್‌ನ ವೈಕಾಟೊ ನದಿಯ ಪ್ರಾಧಿಕಾರದಲ್ಲಿ 2010ರಿಂದ 10 ಸದಸ್ಯರು, ಐದು ಜನ ನದಿಯ ಮಾವೊರಿ ಬುಡಕಟ್ಟುಗಳಿಂದ, ಐದು ಜನ ಸರ್ಕಾರದಿಂದ. ಆ ನದಿಗೆ ಮಾಡಿದ ದೂರದೃಷ್ಟಿ ಪತ್ರಕ್ಕೂ ರಾಷ್ಟ್ರಮಟ್ಟದ ನೀತಿ ಪತ್ರಕ್ಕೂ ತಾಳೆ ಬರದಿದ್ದರೆ ನದಿಯದ್ದೇ ಮೇಲು. ನಾರ್ವೆಯ ಫಿನ್‌ಮಾರ್ಕ್‌ನಲ್ಲಿ 2005ರ ಕಾಯ್ದೆಯಂತೆ ನೆಲ ನೋಡಿಕೊಳ್ಳುವ ಮಂಡಳಿಯ ಆರು ಜನರಲ್ಲಿ ಮೂವರನ್ನು ಸಾಮಿ ಸಂಸತ್ತು ಆರಿಸುತ್ತದೆ. ಆಕ್ಲೆಂಡ್‌ನಲ್ಲಿ ಮಾವೊರಿ ಮಂಡಳಿಯಿಂದ ಇಬ್ಬರು ನಗರದ ಸಮಿತಿಗಳಲ್ಲಿ ಕೂರುತ್ತಾರೆ, ಅವರಿಗೆ ಮತ ಹಾಕುವ ಹಕ್ಕು ಇದೆ. ಇಬ್ಬರು ಅಂದರೆ ಕಡಿಮೆಯೇ, ಆದರೂ ಅದು ಕಾಯ್ದೆಯಲ್ಲಿ ಬರೆದ ಹಕ್ಕು, ಯಾರದೋ ಒಳ್ಳೆಯತನದಿಂದ ಸಿಕ್ಕಿದ್ದಲ್ಲ.

ನೆಲ ಯಾರದು ಅನ್ನುವುದೇ ಒಪ್ಪಿಗೆ ಆಗಿಲ್ಲ, ಹೀಗಿರುವಾಗ ಜೊತೆಗೆ ಕೂರುವುದು ಹೇಗೆ ಅಂತ ನಿಮ್ಮ ಹಿರಿಯರು ಕೇಳಬಹುದು. ಕೆನಡಾದ ಹೈಡಾ ಜನರಿಗೂ ಇದೇ ಪ್ರಶ್ನೆ ಬಂದಿತ್ತು. 1985ರಲ್ಲಿ ತಮ್ಮ ದ್ವೀಪಗಳಲ್ಲಿ ಮರ ಕಡಿಯುವುದನ್ನು ತಡೆದು 72 ಜನ ಬಂಧನಕ್ಕೆ ಒಳಗಾದರು. 1993ರಲ್ಲಿ ಆ ದ್ವೀಪಗಳ ಗ್ವಾಯ್ ಹಾನಸ್ ಅನ್ನುವ ಭಾಗಕ್ಕೆ ಸರ್ಕಾರದ ಜೊತೆ ಒಪ್ಪಂದ ಬರೆಯುವಾಗ ಒಂದು ಕೆಲಸ ಮಾಡಿದರು. ಪುಟವನ್ನು ಎರಡು ಕಾಲಂ ಮಾಡಿ, ಒಂದರಲ್ಲಿ ಈ ನೆಲ ನಮ್ಮದು ಅಂತ ಹೈಡಾಗಳು, ಇನ್ನೊಂದರಲ್ಲಿ ಇದು ಸರ್ಕಾರದ್ದು ಅಂತ ಸರ್ಕಾರ, ಇಬ್ಬರೂ ತಮ್ಮ ಮಾತನ್ನು ಪಕ್ಕಪಕ್ಕದಲ್ಲೇ ಬರೆದು ಸಹಿ ಹಾಕಿದರು. ಯಾರೂ ತಮ್ಮ ಹಕ್ಕು ಬಿಡಲಿಲ್ಲ. ಅದರ ಕೆಳಗೆ, ಈ ದ್ವೀಪಗಳನ್ನು ಇಬ್ಬರೂ ಸಮಸಮ ಕೂತು ನೋಡಿಕೊಳ್ಳೋಣ ಅಂತ ಬರೆದರು. ಆ ಮಂಡಳಿ ಇವತ್ತಿಗೂ ನಡೆಯುತ್ತಿದೆ. 2024ರಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರ ಹೈಡಾ ಗ್ವಾಯ್ ಅನ್ನುವ ಆ ಇಡೀ ದ್ವೀಪಸಮೂಹ ಹೈಡಾಗಳ ನೆಲ ಅಂತ ಒಪ್ಪಿಕೊಂಡಿತು. ಅಂದರೆ ಕಾಯುವಾಗಲೂ ಕೆಲಸ ಮಾಡಬಹುದು, ಕೆಲಸ ಮಾಡುವಾಗಲೂ ಹಕ್ಕು ಬಿಡದೆ ಇರಬಹುದು.

ಆದ್ದರಿಂದ ಸಮಿತಿಗೆ ಒಂದು ಪತ್ರ ಬರೆಯಿರಿ. ಸಮಿತಿಯ ಮುಂದೆ ಏನೇನು ಇನ್ನೂ ತೀರ್ಮಾನ ಆಗದೆ ಉಳಿದಿದೆ ಅಂತ ಕೇಳಿ, ಪಟ್ಟಿ ಕೊಡಲಿ. ಆ ಪಟ್ಟಿಯಲ್ಲಿ ಮುಖ್ಯವಾದ್ದು ಏನೂ ಇಲ್ಲದಿದ್ದರೆ ನಿಮಗೆ ಅರ್ಧ ಉತ್ತರ ಸಿಕ್ಕಿತು. ನಿಮಗೆ ಮತ ಇದೆಯೇ ಇಲ್ಲವೇ ಕೇಳಿ. ನಿಮ್ಮ ಜೊತೆ ಇನ್ನೊಬ್ಬರು, ಒಬ್ಬ ಹಿರಿಯರು ಬರಬಹುದೇ ಕೇಳಿ, ಒಬ್ಬರೇ ಕೂರುವುದಕ್ಕೂ ಇಬ್ಬರು ಕೂರುವುದಕ್ಕೂ ಬಹಳ ವ್ಯತ್ಯಾಸ ಇದೆ. ಉಳಿದ 13 ಜನರಲ್ಲಿ ಸಂಬಳ ತೆಗೆದುಕೊಂಡು ಕೂರುವವರೇ ಜಾಸ್ತಿ ಇರುತ್ತಾರೆ, ನೀವು ಮಾತ್ರ ಕೂಲಿ ಬಿಟ್ಟು ಬರಬೇಕಾಗಿಲ್ಲ, ನಿಮ್ಮ ದಿನಕ್ಕೂ ಹಿರಿಯರ ದಿನಕ್ಕೂ ಹಣ ಕೇಳಿ, ಸಂಕೋಚ ಬೇಡ. ನೀವು ಒಪ್ಪದೆ ಇದ್ದದ್ದನ್ನು ಕಾರಣ ಸಮೇತ ನಡಾವಳಿಯಲ್ಲಿ ಬರೆಯಬೇಕು ಅಂತ ಮೊದಲ ಸಭೆಯಲ್ಲೇ ಹೇಳಿ. ಸಮುದಾಯಕ್ಕೆ ಹೋಗಿ ಕೇಳಿಕೊಂಡು ಬರದೆ ಯಾವುದಕ್ಕೂ ಒಪ್ಪಿಗೆ ಕೊಡುವುದಿಲ್ಲ ಅಂತಲೂ ಹೇಳಿ. ಇಲ್ಲದಿದ್ದರೆ ನಾಳೆ ನಿಮ್ಮ ಒಂದು ಸಹಿ ಇಡೀ ಊರಿನ ಸಹಿ ಆಗಿಬಿಡುತ್ತದೆ.

ಸಮಿತಿ ಏನೇ ಉತ್ತರ ಕೊಡಲಿ, ನಿಮ್ಮವರು ಕೂತು ನಿಮ್ಮ ನೆಲಕ್ಕೆ ನಿಮ್ಮದೇ ಒಂದು ಯೋಜನೆ ಬರೆದಿಟ್ಟುಕೊಳ್ಳಿ. ಹತ್ತು ಪುಟ ಇದ್ದರೂ ಸಾಕು. ಯಾವ ನೀರು ಮುಟ್ಟಬಾರದು, ಎಲ್ಲಿ ಮನೆ ಬೇಕು, ಯಾವ ದಾರಿ ಮುಚ್ಚಬಾರದು, ಮಕ್ಕಳಿಗೆ ಏನು ಬೇಕು. ನ್ಯೂಜಿಲೆಂಡ್‌ನಲ್ಲಿ ಮಾವೊರಿ ಬುಡಕಟ್ಟುಗಳು ಇಂಥ ಯೋಜನೆ ಸಲ್ಲಿಸಿದರೆ ಸ್ಥಳೀಯ ಸಂಸ್ಥೆಗಳು ತಮ್ಮ ಯೋಜನೆ ಮಾಡುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಅಂತ 1991ರ ಕಾಯ್ದೆ ಹೇಳಿತು. ನಿಮ್ಮಲ್ಲಿ ಅಂಥ ಕಾಯ್ದೆ ಇಲ್ಲದೆ ಇರಬಹುದು. ಆದರೂ ಅವರ ಕರಡು ಬಂದಾಗ ಅದಕ್ಕೆ ಆಕ್ಷೇಪಣೆ ಬರೆಯುತ್ತಾ ಕೂರುವುದಕ್ಕೂ, ನಿಮ್ಮ ಕರಡನ್ನು ಅವರ ಮುಂದೆ ಇಡುವುದಕ್ಕೂ ಬಹಳ ಅಂತರ ಇದೆ.

ಸಮಿತಿಯ ಉತ್ತರ ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ನಿಮ್ಮ ಹಿರಿಯರು ಒಪ್ಪಿದರೆ ಮಾತ್ರ ಅದನ್ನು ಇಲ್ಲಿ ಹಾಕುತ್ತೇನೆ.